ಪೊಲೀಸರ ವೈರ್‌ಲೆಸ್ ಅಕ್ಕನ ಮನೆಗೆ ಬಂದದ್ದು

ಸೊಲ್ಲಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿರುವ ಶ್ರೀನಿವಾಸರಾಯರನ್ನು ಅಲ್ಲಿಯವರೆಲ್ಲ ‘ಕಂಪ್ಯೂಟರ್ ಸಾಹೇಬ್ರು’ ಎಂದು ಕರೆಯುತ್ತಾರೆ. ಈ ಬಿರುದು ಸುಮ್ಮನೆ ಬಂದದ್ದಲ್ಲ. ಆರು ವರ್ಷಗಳ ಹಿಂದೆ ಕಚೇರಿಯ ಪ್ರಿಂಟರ್ ಸತ್ತುಬಿದ್ದು, ಪುಣೆಯಿಂದ ಇಂಜಿನಿಯರ್ ಬರುವವರೆಗೆ ಏನೂ ಮಾಡುವಂತಿಲ್ಲ ಎಂದು ಎಲ್ಲರೂ ಚಹಾ ಕುಡಿಯುತ್ತ ಕುಳಿತಿದ್ದರು. ಆಗ ರಾಯರು ಕೈಜಾರಿದ ಪೆನ್ನನ್ನು ಹುಡುಕಲು ಮೇಜಿನ ಕೆಳಗೆ ಬಗ್ಗಿದರು. ಕಳಚಿ ಬಿದ್ದ ಪ್ಲಗ್ಗು ಕಣ್ಣಿಗೆ ಬಿತ್ತು. ಸಿಕ್ಕಿಸಿದರು. ಪ್ರಿಂಟರ್ ಗುರ್ರೆಂದು ಎದ್ದಿತು. ಮೇಜಿನ ಕೆಳಗಿನಿಂದ ಹೊರಬಂದ ರಾಯರು ಅಂದಿನಿಂದ ಬೇರೆಯೇ ಮನುಷ್ಯರಾದರು. ಪೆನ್ನಿನ ವಿಷಯವನ್ನು ಅವರು ಇಂದಿಗೂ ಯಾರಿಗೂ ಹೇಳಿಲ್ಲ.

ಅಂಥವರ ಅಕ್ಕ ಗೋಪಿಕಾಬಾಯಿಗೆ ಈಗ ಅರವತ್ನಾಲ್ಕು. ಅಕ್ಕಲಕೋಟೆಯ ಕನ್ನಡ ಸಾಲಿಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತಳಾದವಳು. ನಿವೃತ್ತಿಯ ಮರುತಿಂಗಳೇ ‘ಅಕ್ಕಲಕೋಟೆ ತಾಲೂಕಿನ ಬೀಸುವ ಹಾಡುಗಳು’ ಎಂಬ ವಿಷಯ ಹಿಡಿದು ಪಿಎಚ್.ಡಿ.ಗೆ ಹೆಸರು ಹಚ್ಚಿದಳು. ಹಳ್ಳಿಹಳ್ಳಿ ಸುತ್ತಿ, ಬೀಸುಕಲ್ಲು ಕಾಣದೆ ಹಿಟ್ಟಿನ ಗಿರಣಿಯ ಮುಂದೆ ಪಾಳಿ ಹಚ್ಚಿದ ಮುದುಕಿಯರನ್ನು ಹಿಡಿದು ಹಾಡಿಸಿ, ನಾಲ್ಕುನೂರು ಪುಟ ಬರೆದು ಮುಗಿಸಿದಳು. ಇನ್ನು ಉಳಿದದ್ದು ಮೌಖಿಕ ಪರೀಕ್ಷೆ ಮಾತ್ರ. ಅದಕ್ಕೆ ಹದಿನೈದು ದಿನ ಇರುವಾಗ ಅಂಗಳದಲ್ಲಿ ಜಾರಿ ಬಿದ್ದಳು. ಬಿದ್ದ ಏಟಿಗೆ ಕಾಲೂ ಮುರಿಯಿತು, ಕೈಯಲ್ಲಿದ್ದ ಸ್ಮಾರ್ಟ್ ಫೋನೂ ಮುರಿಯಿತು. ಕಾಲಿಗೆ ಪ್ಲಾಸ್ಟರ್ ಹಾಕಿದರು, ಫೋನಿಗೆ ಹಾಕಲಿಲ್ಲ. ವಿಶ್ವವಿದ್ಯಾಲಯದವರು ದೊಡ್ಡ ಮನಸ್ಸು ಮಾಡಿ, ‘ಮನೆಯಿಂದಲೇ ಕಂಪ್ಯೂಟರಿನ ಮುಂದೆ ಕೂತು ಉತ್ತರ ಹೇಳಿರಿ, ಗುರುವಾರ ಹನ್ನೊಂದಕ್ಕೆ ಸರಿಯಾಗಿ’ ಎಂದು ಪತ್ರ ಬರೆದರು.

ಗೋಪಿಕಾಬಾಯಿಯ ಮಗ ಅಮೇಯ ಸೊಲ್ಲಾಪುರದಾಚೆಯ ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಟವೆಲ್ ಗೋದಾಮಿನಲ್ಲಿ ಸೂಪರ್‌ವೈಸರ್. ಆ ದಿನ ರಜೆ ಹಾಕುತ್ತೇನೆ ಎಂದು ಸೊಲ್ಲಾಪುರದ ಮಾಮಾನಿಗೆ ಫೋನ್ ಮಾಡಿದ. ರಾಯರಿಗೆ ಅವಮಾನವೇ ಆಯಿತು.

“ನಾ ಜೀವಂತ ಇರಬೇಕಾದ್ರ ನೀ ಯಾಕ ರಜಾ ಹಾಕ್ತಿ? ನನ್ನ ಲ್ಯಾಪ್‌ಟಾಪ್ ತೊಗೊಂಡು ನಾನ ಬರ್ತೀನಿ. ನೀ ನಿಶ್ಚಿಂತಿಯಿಂದ ಕೆಲಸಕ್ಕ ಹೋಗು.”

“ಹಂಗಲ್ಲ ಮಾಮಾ, ಆ ನೆಟ್ಟಿಂದು ಒಂದು ಸಣ್ಣ ಮಾತು ಹೇಳೂದು ಅದ...”

“ಅಮೇಯ, ನಮ್ಮ ಆಫೀಸಿನ್ಯಾಗ ನನಗ ಏನಂತ ಕರೀತಾರ ಗೊತ್ತದ ಏನು?” ಎಂದು ಕೇಳಿ ರಾಯರು ಫೋನ್ ಇಟ್ಟರು.

ಗುರುವಾರ ಬೆಳಿಗ್ಗೆ ಎಂಟೂವರೆಗೆ ರಾಯರು ಅಕ್ಕಲಕೋಟೆಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದರು. ಗುರುವಾರದ ಜೊತೆಗೆ ಹುಣ್ಣಿಮೆಯೂ ಕೂಡಿಬಂದು, ಊರಿನ ಸ್ವಾಮಿಗಳ ಸಮಾಧಿಯ ದರ್ಶನಕ್ಕೆಂದು ಅರ್ಧ ಮಹಾರಾಷ್ಟ್ರವೇ ಊರಿಗೆ ಇಳಿದಿತ್ತು. ಬಂದವರೆಲ್ಲರ ಕೈಯಲ್ಲೂ ಫೋನು, ಎಲ್ಲ ಫೋನಿಗೂ ಒಂದೇ ಟವರು. ಹೀಗಾಗಿ ಮೊಬೈಲಿನಲ್ಲಿ ಮಾತೂ ಹೋಗುತ್ತಿರಲಿಲ್ಲ, ನೆಟ್ಟೂ ಬರುತ್ತಿರಲಿಲ್ಲ. ರಾಯರು ಅದಕ್ಕೇನೂ ಅಂಜಲಿಲ್ಲ. ಅಕ್ಕನ ಮನೆಯಲ್ಲಿ ವೈಫೈ ಇತ್ತು. ಅದರ ಹೆಸರು ‘ಗೋಪಿಕಾ ನಿವಾಸ’ ಎಂಬುದೂ ಅವರಿಗೆ ಗೊತ್ತಿತ್ತು.

ಗೋಪಿಕಾಬಾಯಿ ಇಳಕಲ್ ಸೀರೆ ಉಟ್ಟು, ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟು, ಪಡಸಾಲೆಯ ಮಂಚದ ಮೇಲೆ ಪ್ರಬಂಧ ತಿರುವುತ್ತ ಕೂತಿದ್ದಳು. ಪಕ್ಕದ ಮನೆಯ ಗಂಗುಬಾಯಿ ಬಾಗಿಲಲ್ಲಿ ಕೂತು ಸೊಪ್ಪು ಸೋಸುತ್ತಿದ್ದಳು. ರಾಯರು ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, ಅಂಗಿಯ ತೋಳು ಮಡಚಿ, ಗುಂಡಿ ಒತ್ತಿದರು.

‘ಗೋಪಿಕಾ ನಿವಾಸ’ ಕಾಣಲಿಲ್ಲ.

ಯಂತ್ರವನ್ನು ಮುಚ್ಚಿ ತೆರೆದರು. ಆರಿಸಿ ಹಚ್ಚಿದರು. ಅದರ ಮುಖವನ್ನು ಪೂರ್ವಕ್ಕೆ, ಆಮೇಲೆ ಉತ್ತರಕ್ಕೆ ತಿರುಗಿಸಿದರು. ಅಡಿ ಭಾಗಕ್ಕೆ ಎರಡು ಬಾರಿ ಮೆಲ್ಲಗೆ ತಟ್ಟಿದರು, ತೇಗು ಬಾರದ ಕೂಸಿಗೆ ತಟ್ಟುವ ಹಾಗೆ.

“ಏನಾತೋ ಶೀನಾ?” ಎಂದಳು ಅಕ್ಕ, ಪುಸ್ತಕದಿಂದ ತಲೆ ಎತ್ತದೆ.

“ಏನಿಲ್ಲ. ಡ್ರೈವರ್ ಹಳೇದು ಆಗ್ಯಾದ. ಬದಲಿ ಮಾಡಬೇಕು.”

ಗಂಗುಬಾಯಿಯ ಕೈ ಸೊಪ್ಪಿನ ಮೇಲೆಯೇ ನಿಂತಿತು. “ಅಯ್ಯ, ಪಾಪ, ಹಳಬಾದ್ರ ತಗದ ಬಿಡೂದೇನ್ರಿ? ನಮ್ಮ ಅಳಿಯಾನೂ ಎಸ್‌ಟಿ ಬಸ್ ಡ್ರೈವರ್ ಅದಾನ. ಇನ್ನೂ ನಾಕು ವರ್ಷ ಸರ್ವಿಸ್ ಐತಿ.”

ರಾಯರು ಬಗ್ಗಿ ನೋಡಿದರು. ಪರದೆಯ ಮೇಲೆ ಅಕ್ಕಪಕ್ಕದ ವೈಫೈಗಳ ಹೆಸರು ಕಾಣಿಸತೊಡಗಿತ್ತು. ‘ರೇವಣ್ಣ ಗಿರಣಿ’ ಎಂಬುದಕ್ಕೆ ಒಂದೇ ಗೆರೆ. ‘ಭಕ್ತ ನಿವಾಸ ಎರಡನೇ ಮಹಡಿ’ಗೆ ಅರ್ಧ ಗೆರೆ. ಎಲ್ಲಕ್ಕಿಂತ ಮೇಲೆ, ನಾಲ್ಕೂ ಗೆರೆ ತುಂಬಿಕೊಂಡು, ದಷ್ಟಪುಷ್ಟವಾಗಿ ನಿಂತ ಹೆಸರು: ‘ಪೊಲೀಸ್ ಚೌಕಿ’.

ರಾಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮೂವತ್ತೊಂದು ವರ್ಷದ ಸರ್ಕಾರಿ ಸೇವೆಯ ಅನುಭವ ಅವರೊಳಗೆ ಕೆಲಸ ಮಾಡತೊಡಗಿತು. ಸರ್ಕಾರಿ ವಸ್ತು ಎದುರಾದಾಗ ಖಾಸಗಿ ವಸ್ತು ಹಿಂದೆ ಸರಿಯುವುದು ನಿಯಮ. ರಸ್ತೆಯಲ್ಲಿ ಸಾಹೇಬರ ಗಾಡಿ ಬಂದರೆ ಎತ್ತಿನ ಗಾಡಿ ಸರಿಯುವುದಿಲ್ಲವೆ? ಹಾಗೆಯೇ ಜಾತ್ರೆಯಂಥ ಈ ಗದ್ದಲದ ಬಂದೋಬಸ್ತಿಗೆಂದು ಪೊಲೀಸರು ತಮ್ಮ ತರಂಗವನ್ನು ಜೋರಾಗಿ ಬಿಟ್ಟಿದ್ದಾರೆ. ಆ ರಭಸಕ್ಕೆ ಅಕ್ಕನ ಬಡ ತರಂಗ ಎಲ್ಲೋ ಮೂಲೆಗೆ ಬಿದ್ದಿದೆ.

“ಅಕ್ಕ, ವೈಫೈ ಡಬ್ಬಿ ಟೀವಿ ಹತ್ರ ಇರ್ತಿತ್ತಲ್ಲ, ಎಲ್ಲದ?”

“ಅಮೇಯ ಒಳಗ ಎಲ್ಲೋ ಇಟ್ಟಾನ. ನಾ ಎದ್ದು ಹುಡುಕಲೇನು ಈ ಕಾಲಿನ್ಯಾಗ?”

“ಬ್ಯಾಡ ಬ್ಯಾಡ. ಡಬ್ಬಿ ಮುಖ್ಯ ಅಲ್ಲ. ಇದು ವರಿಷ್ಠರ ಮಟ್ಟದಾಗ ಬಗೀಹರಿಯೂ ಪ್ರಕರಣ.”

ಹೀಗೆ ಹೇಳಿ ರಾಯರು ಒಂದು ಹಾಳೆ ಕೇಳಿ ಪಡೆದು, ಎಡಕ್ಕೆ ಅಂಚು ಬಿಟ್ಟು, ಶುದ್ಧ ಕಚೇರಿ ಮರಾಠಿಯಲ್ಲಿ ಅರ್ಜಿ ಬರೆದರು. ಅದರ ತಾತ್ಪರ್ಯ ಇಷ್ಟು: ‘ವಿಷಯ: ತಮ್ಮ ವೈರ್‌ಲೆಸ್ ನಮ್ಮ ಮನೆಯೊಳಗೆ ಪೂರ್ಣ ಶಕ್ತಿಯಿಂದ ಬರುತ್ತಿರುವ ಬಗ್ಗೆ. ಇಂದು ಬೆಳಗಿನಿಂದ ತಮ್ಮ ವೈರ್‌ಲೆಸ್ ನನ್ನ ಯಂತ್ರಕ್ಕೆ ಸ್ಪಷ್ಟವಾಗಿ ಸಿಗುತ್ತಿದೆ. ಅದರ ಗುಪ್ತ ಸಂಕೇತ ಗೊತ್ತಿಲ್ಲದ ಕಾರಣ ಒಳಗೆ ಪ್ರವೇಶಿಸಲು ಆಗಿಲ್ಲ. ಕಾರಣ ಸದರಿ ಗುಪ್ತ ಸಂಕೇತವನ್ನು ಹನ್ನೊಂದು ಗಂಟೆಯೊಳಗೆ ಒದಗಿಸಬೇಕು. ತಪ್ಪಿದಲ್ಲಿ ಆಗುವ ಪರಿಣಾಮಗಳಿಗೆ ನಾನು ಜವಾಬ್ದಾರನಲ್ಲ.’

ಕೆಳಗೆ ಸಹಿ, ಹುದ್ದೆ, ಪೂರ್ತಿ ವಿಳಾಸ. ಇಂಥ ಅರ್ಜಿಯನ್ನು ಇಷ್ಟು ಪ್ರಾಮಾಣಿಕ ವಿಳಾಸದೊಂದಿಗೆ ಯಾವ ಠಾಣೆಯೂ ಹಿಂದೆ ಪಡೆದಿರಲಾರದು.

ಠಾಣೆಯಲ್ಲಿ ಹವಾಲ್ದಾರ ತುಕಾರಾಮ ಅರ್ಜಿ ಓದಿದ. ಇನ್ನೊಮ್ಮೆ ಓದಿದ. ಪೊಲೀಸರ ಬಾಯಲ್ಲಿ ವೈರ್‌ಲೆಸ್ ಎಂದರೆ ಒಂದೇ ಅರ್ಥ, ಸೊಂಟದಲ್ಲಿ ಕರಕರ ಎನ್ನುವ ವಾಕಿಟಾಕಿ. ಬಂದೋಬಸ್ತಿನ ಸಕಲ ಆಜ್ಞೆಗಳೂ ಅದರಲ್ಲಿಯೇ ಓಡಾಡುತ್ತಿದ್ದವು. ಅವನ ಕೈ ತಾನಾಗಿ ಸೊಂಟಕ್ಕೆ ಹೋಗಿ, ಯಂತ್ರ ಅಲ್ಲೇ ಇದೆ ಎಂದು ಖಾತ್ರಿ ಮಾಡಿಕೊಂಡಿತು.

“ಆಮಚಾ ವೈರ್‌ಲೆಸ್ ತುಮ್ಹಾಲಾ ಘರಾತ್ ಯೇತೋ? ನಮ್ಮ ವೈರ್‌ಲೆಸ್ ನಿಮ್ಮ ಮನ್ಯಾಗ?”

“ಹೌದ್ರಿ. ನಾಲ್ಕೂ ಗೆರಿ,” ಎಂದರು ರಾಯರು ಅಭಿಮಾನದಿಂದ.

“ಯಾವಾಗಿಂದ?”

“ಮುಂಜಾನಿ ಒಂಬತ್ತಕ್ಕ ನಾ ಪತ್ತೆ ಹಚ್ಚೀನಿ. ಈ ಕೆಲಸದಾಗ ನನ್ನ ಹೆಸರದ, ಸೊಲ್ಲಾಪುರದಾಗ ಯಾರನ್ನ ಬೇಕಾದ್ರೂ ಕೇಳ್ರಿ.”

ತುಕಾರಾಮ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ನೇರವಾಗಿ ಫೌಜದಾರರ ಕೋಣೆಗೆ ಓಡಿದ. ಫೌಜದಾರ ಗುರುಶಾಂತ ಸಾಹೇಬರು ಎರಡು ದಿನದಿಂದ ಬಂದೋಬಸ್ತಿನಲ್ಲಿ ನಿಂತು ನಿಂತು ಕಾಲು ಊದಿಸಿಕೊಂಡು, ಆಗಷ್ಟೇ ಬೂಟು ಬಿಚ್ಚಿದ್ದರು. ಅರ್ಜಿಯ ಕೊನೆಯ ಸಾಲಿನ ‘ಪರಿಣಾಮ’ ಓದಿ ಮತ್ತೆ ಬೂಟು ಹಾಕಿಕೊಂಡರು.

ಹತ್ತು ಗಂಟೆ ಹತ್ತು ನಿಮಿಷಕ್ಕೆ ಪೊಲೀಸ್ ಜೀಪು ಗೋಪಿಕಾಬಾಯಿಯ ಓಣಿಯಲ್ಲಿ ನಿಂತಿತು. ಸಾಹೇಬರ ಪಕ್ಕದಲ್ಲಿ ಎದೆಯುಬ್ಬಿಸಿ ಕೂತ ಶ್ರೀನಿವಾಸರಾಯರು ಇಳಿದರು. ಒಂದು ಪಾಸ್‌ವರ್ಡ್ ಕೇಳಿದರೆ ಅದನ್ನು ತಲುಪಿಸಲು ಫೌಜದಾರರೇ ಜೀಪು ತಂದದ್ದು ಅವರಿಗೆ ಸಹಜವಾಗಿಯೇ ಕಂಡಿತ್ತು.

ಪರದೆಯ ಮೇಲೆ ‘ಪೊಲೀಸ್ ಚೌಕಿ’ ಎಂಬ ಹೆಸರನ್ನು ನೋಡಿ ಗುರುಶಾಂತ ಸಾಹೇಬರು ಮೀಸೆ ಮುಟ್ಟಿಕೊಂಡರು.

“ಇದು ನಮ್ಮದಲ್ರಿ. ನಮ್ಮ ಚೌಕಿ ಇಲ್ಲಿಂದ ಒಂದೂವರಿ ಕಿಲೋಮೀಟರ್ ಅದ. ಅಲ್ಲಿ ಫ್ಯಾನ್ ತಿರುಗಿದ್ರ ದೊಡ್ಡ ಮಾತು, ವೈಫೈ ಎಲ್ಲಿಂದ ಬಂತು? ಯಾರೋ ಪೊಲೀಸರ ಹೆಸರಿಟ್ಟುಕೊಂಡು ಕಾರಭಾರ ನಡಿಸ್ಯಾರ.”

“ನಾ ಆಗಲೇ ಸಂಶಯಪಟ್ಟಿದ್ದೆ,” ಎಂದರು ರಾಯರು. ಅವರು ಅಂಥದೇನನ್ನೂ ಪಟ್ಟಿರಲಿಲ್ಲ.

“ಆ ಮನುಷ್ಯಾ ಸಿಗೂದು ಹ್ಯಾಂಗ?”

“ಬಹಳ ಸೋಪಾ, ಅಗದೀ ಸರಳ. ಸಾಮಾನು ಎಲ್ಲೆ ಅದನೋ ಅಲ್ಲೆ ಗೆರಿ ಜಾಸ್ತಿ ಬರ್ತಾವ. ನಾ ಲ್ಯಾಪ್‌ಟಾಪ್ ಹಿಡಕೊಂಡು ಮುಂದ ನಡೀತೀನಿ. ನೀವು ಹಿಂದ ಬರ್ರಿ.”

“ಶೀನಾ, ಹತ್ತೂಕಾಲು ಆತು,” ಎಂದಳು ಗೋಪಿಕಾಬಾಯಿ.

“ಅಕ್ಕ, ಸರ್ಕಾರಿ ಕೆಲಸ ನಡದದ!”

ತೆರೆದ ಲ್ಯಾಪ್‌ಟಾಪನ್ನು ಎರಡೂ ಅಂಗೈಗಳ ಮೇಲೆ ಆರತಿ ತಟ್ಟೆಯಂತೆ ಹಿಡಿದು ರಾಯರು ಓಣಿಗಿಳಿದರು. ಹಿಂದೆ ಫೌಜದಾರರು, ಅವರ ಹಿಂದೆ ತುಕಾರಾಮ, ಅವನ ಹಿಂದೆ ಸೊಪ್ಪಿನ ಬುಟ್ಟಿಯ ಸಮೇತ ಗಂಗುಬಾಯಿ. ದರ್ಶನಕ್ಕೆ ಬಂದಿದ್ದ ಲಾತೂರಿನ ನಾಲ್ಕು ಮಂದಿ ಇದೂ ಒಂದು ಪಲ್ಲಕ್ಕಿಯೇ ಇರಬೇಕೆಂದು ಚಪ್ಪಲಿ ಬಿಟ್ಟು ಕೈಮುಗಿದು ಸೇರಿಕೊಂಡರು.

ಮೊದಲು ರೇವಣ್ಣನ ಹಿಟ್ಟಿನ ಗಿರಣಿ. ಪೊಲೀಸರನ್ನು ಕಂಡ ಕೂಡಲೇ ರೇವಣ್ಣ ಗಿರಣಿ ನಿಲ್ಲಿಸಿ, ಯಾರೂ ಏನೂ ಕೇಳದಿದ್ದರೂ ಹೇಳಿದ: “ಸಾಹೇಬ್ರ, ಆ ಜ್ವಾಳದಾಗ ಸಜ್ಜಿ ಹ್ಯಾಂಗ ಕೂಡ್ತೋ ನನಗ ದೇವರಾಣಿ ಗೊತ್ತಿಲ್ಲ. ಕಲ್ಲು ತೊಳಿಯೂದು ಮರತಿದ್ದೆ.”

“ಗೆರಿ ಎಷ್ಟು?” ಎಂದರು ಸಾಹೇಬರು.

“ಒಂದ,” ಎಂದರು ರಾಯರು.

“ಒಂದ ಚೀಲ ಅಲ್ರಿ, ಎರಡು,” ಎಂದ ರೇವಣ್ಣ, ಕಣ್ಣಲ್ಲಿ ನೀರು ತಂದುಕೊಂಡು.

ಮೆರವಣಿಗೆ ತಿರುಗಿ ಗಂಗುಬಾಯಿಯ ಮನೆಯ ಮುಂದೆ ಬಂದಾಗ ಗೆರೆಗಳು ಒಂದರಿಂದ ಮೂರಕ್ಕೆ ಜಿಗಿದವು. ರಾಯರು ನಿಂತರು. ಎಲ್ಲರೂ ನಿಂತರು. ಎಲ್ಲರ ಕಣ್ಣೂ ಹಿಂದಕ್ಕೆ ತಿರುಗಿ ಗಂಗುಬಾಯಿಯ ಮೇಲೆ ನೆಟ್ಟವು. ಅವಳ ಕೈಯಿಂದ ಬುಟ್ಟಿ ಬಿತ್ತು.

“ಯಪ್ಪಾ, ನಂದೇನೂ ತಪ್ಪಿಲ್ಲ! ಅಕ್ಕಾರ ಮನಿ ನೆಟ್ಟು ನಮ್ಮ ಅಡಗಿ ಮನಿತನಾ ಬರ್ತಿತ್ತು. ಅದು ತಾನಾಗೇ ಬಂದ್ರ ನಾ ಏನು ತಡೀಲಿ? ಧಾರಾವಾಹಿ ನೋಡಿದ್ದು ಖರೆ. ಎಂಟು ದಿನದ ಹಿಂದ ಒಮ್ಮಿಂದೊಮ್ಮೆ ಬಂದ್ ಆತು. ಮೊಮ್ಮಗಳು ಕಾಜಲ ನೋಡಿ, ‘ಆಯಿ, ಪೊಲೀಸರ ಹೆಸರು ಬರಾಕತ್ತೈತಿ’ ಅಂದ್ಲು. ಅವತ್ತಿಂದ ಫೋನ್ ಹಿಟ್ಟಿನ ಡಬ್ಬ್ಯಾಗ ಮುಚ್ಚಿಟ್ಟೀನಿ!”

“ಎಂಟು ದಿನ,” ಎಂದು ತುಕಾರಾಮ ಡೈರಿಯಲ್ಲಿ ಬರೆದುಕೊಂಡ.

ಇನ್ನು ನಾಲ್ಕನೇ ಗೆರೆ ಎಲ್ಲಿ ಎಂಬುದಷ್ಟೇ ಪ್ರಶ್ನೆ. ರಾಯರು ಹೆಜ್ಜೆ ಎತ್ತಿಟ್ಟರು. ಪರದೆ ಬಿಟ್ಟು ಬೇರೇನನ್ನೂ ನೋಡದೆ ನಡೆಯುತ್ತಿದ್ದ ಅವರ ಕಾಲು ತಾನಾಗಿ ಒಂದು ಮೆಟ್ಟಿಲು ಹತ್ತಿತು, ಹೊಸ್ತಿಲು ದಾಟಿತು, ಒಂದು ಸ್ಟೂಲಿಗೂ ಅದರ ಮೇಲಿನ ಪ್ಲಾಸ್ಟರಿನ ಕಾಲಿಗೂ ಸುತ್ತುಹಾಕಿ ಒಳಕೋಣೆಯ ಕಪಾಟಿನ ಮುಂದೆ ನಿಂತಿತು.

“ನಾಲ್ಕು!” ಎಂದು ಕೂಗಿದರು ರಾಯರು. “ಸಾಹೇಬ್ರ, ಸಿಕ್ಕ! ಇದ ಮನಿ! ಹಿಡೀರಿ!”

ತುಕಾರಾಮ ಕಪಾಟಿನ ಮೇಲೆ ಕೈಯಾಡಿಸಿ, ಹಳೆಯ ಹಾಸಿಗೆಯ ಹಿಂದಿನಿಂದ ಹಸಿರು ದೀಪ ಮಿಣುಕಿಸುವ ಒಂದು ಕರಿ ಡಬ್ಬಿಯನ್ನು ಎಳೆದ. ಸಾಹೇಬರು ಡಬ್ಬಿಯನ್ನು ನೋಡಿದರು. ಕೋಣೆಯನ್ನು ನೋಡಿದರು. ಗೋಡೆಯ ಮೇಲೆ ತೂಗುಹಾಕಿದ ಫೋಟೋದಲ್ಲಿ ಅಕ್ಕನ ಪಕ್ಕ ನಗುತ್ತ ನಿಂತಿದ್ದ ಶ್ರೀನಿವಾಸರಾಯರನ್ನು ನೋಡಿದರು. ಕೈಯಲ್ಲಿದ್ದ ಅರ್ಜಿಯ ವಿಳಾಸವನ್ನು ಓದಿದರು.

“ರಾಯರ, ಈ ಮನಿ ಯಾರದ್ರಿ?”

ಪಡಸಾಲೆಯಿಂದ ಗೋಪಿಕಾಬಾಯಿಯ ದನಿ ಬಂತು. “ನಂದ್ರಿ ಸಾಹೇಬ್ರ. ಹತ್ತೂ ನಲವತ್ತಾತು.”

ಲಾತೂರಿನವರು ಪ್ರಸಾದ ಯಾವಾಗ ಎಂದು ಮೆಲ್ಲಗೆ ವಿಚಾರಿಸಿದರು.

ವಿಷಯ ಈಗ ಬಿಸಿಲಿನಷ್ಟು ಸ್ಪಷ್ಟವಾಗಿತ್ತು. ಅಕ್ಕಪಕ್ಕದವರು ನೆಟ್ಟು ಜಗ್ಗುವುದನ್ನು ತಡೆಯಲು ಅಮೇಯನೇ ‘ಗೋಪಿಕಾ ನಿವಾಸ’ವನ್ನು ‘ಪೊಲೀಸ್ ಚೌಕಿ’ ಮಾಡಿದ್ದ. ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತು. ಅವನೋ ಚಿಂಚೋಳಿಯ ಗೋದಾಮಿನೊಳಗೆ, ಅವನ ಫೋನು ಗೇಟಿನ ಲಾಕರಿನೊಳಗೆ. ಊರಿನ ಟವರಂತೂ ಭಕ್ತರ ಪಾಲಾಗಿತ್ತು.

ರಾಯರ ಲ್ಯಾಪ್‌ಟಾಪ್ ಹಿಡಿದ ಕೈ ಮೊದಲ ಬಾರಿಗೆ ಕೆಳಗಿಳಿಯಿತು. “ಅಕ್ಕ,” ಎಂದರು ಅವರು.

ಗೋಪಿಕಾಬಾಯಿ ಪ್ರಬಂಧವನ್ನು ಮುಚ್ಚಿ ತೊಡೆಯ ಮೇಲಿಟ್ಟುಕೊಂಡಳು. “ಸಾಹೇಬ್ರ, ಆರು ವರ್ಷದ ಕೆಲಸ ಇದು. ಇನ್ನ ಇಪ್ಪತ್ತು ನಿಮಿಷ ಅದ. ನಿಮ್ಮ ಸೊಂಟದಾಗಿಂದು ಚಿಂಚೋಳಿತನಾ ಮಾತಾಡ್ತದೇನು?”

ಗುರುಶಾಂತ ಸಾಹೇಬರು ಮುದುಕಿಯ ಮುಖ ನೋಡಿದರು. ಪ್ಲಾಸ್ಟರ್ ನೋಡಿದರು. ಇಳಕಲ್ ಸೀರೆಯ ಮಡಿಕೆ ನೋಡಿದರು. ಆಮೇಲೆ ಬಂದೋಬಸ್ತಿನಲ್ಲಿ ಎರಡು ದಿನದಿಂದ ಯಾರಿಗೂ ಬಳಸದ ಮೆತ್ತನೆಯ ದನಿಯಲ್ಲಿ, “ತುಕಾರಾಮ, ಕಂಟ್ರೋಲ್‌ಗೆ ಹೇಳು. ಎಂಐಡಿಸಿ ಗಸ್ತಿನ ಗಾಡಿ ಹೋಗಿ ಆ ಹುಡುಗನ್ನ ಗೇಟಿಗೆ ಕರಸ್ಲಿ,” ಎಂದರು.

ಎಂಟು ನಿಮಿಷದಲ್ಲಿ ವಾಕಿಟಾಕಿ ಕರಕರ ಎಂದಿತು. ಆ ಕಡೆಯ ಗಸ್ತಿನ ಹವಾಲ್ದಾರನ ದನಿಯ ಹಿಂದೆ ಅಮೇಯನ ನಡುಗುವ ದನಿ ಕೇಳುತ್ತಿತ್ತು: “ಸಾಹೇಬ, ಹೆಸರು ಬರೇ ಗಮ್ಮತ್ತಿಗೆ ಇಟ್ಟಿದ್ದೆ, ಇವತ್ತ ಬದಲಿ ಮಾಡ್ತೀನಿ...”

“ಪಾಸ್‌ವರ್ಡ್ ಸಾಂಗ! ಹೇಳು!” ಎಂದು ಗದರಿದ ತುಕಾರಾಮ.

ಅಮೇಯ ಸುಮ್ಮನಾದ. ಆ ಮೌನ ಇಡೀ ಜಿಲ್ಲೆಯ ಪೊಲೀಸರಿಗೆ ಕೇಳಿಸಿತು. “ಹೇಳಲೇಬೇಕಾ?” ಎಂದ.

ಆಮೇಲೆ ಅಕ್ಷರಗಳು ಒಂದೊಂದಾಗಿ ಬಂದವು. ತುಕಾರಾಮ ಅವನ್ನು ಪೊಲೀಸ್ ಪದ್ಧತಿಯಂತೆ ಗಟ್ಟಿಯಾಗಿ ಸಾರಿದ, ರಾಯರು ಒಂದೊಂದಾಗಿ ಒತ್ತಿದರು.

“ಎಂ ಫಾರ್ ಮುಂಬೈ! ಎ ಫಾರ್ ಅಕ್ಕಲಕೋಟ! ಮತ್ತ ಎಂ ಫಾರ್ ಮುಂಬೈ! ಎ ಫಾರ್ ಅಕ್ಕಲಕೋಟ!”

“ಮಾಮಾ,” ಎಂದು ಓದಿದಳು ಗೋಪಿಕಾಬಾಯಿ.

“ಎಂ ಫಾರ್ ಮುಂಬೈ! ಯು ಫಾರ್ ಉಮರಗಾ! ಟಿ ಫಾರ್ ತುಳಜಾಪುರ, ದೋನ್ ವೇಳಾ, ಎರಡು ಸಲ! ಎ ಫಾರ್ ಅಕ್ಕಲಕೋಟ! ಬಿ ಫಾರ್ ಬಾರ್ಶಿ! ವೈ ಫಾರ್ ಯವತಮಾಳ!”

ರಾಯರ ಬೆರಳು ನಿಧಾನವಾಗತೊಡಗಿತು.

“ಎ ಫಾರ್ ಅಕ್ಕಲಕೋಟ! ಡಿ ಫಾರ್ ದುಧನಿ! ಎ ಫಾರ್ ಅಕ್ಕಲಕೋಟ! ಓವರ್!”

‘ಮಾಮಾ ಮುಟ್ಟಬ್ಯಾಡ.’

ಕೋಣೆಯಲ್ಲಿದ್ದವರೆಲ್ಲ ಅದನ್ನು ಮನಸ್ಸಿನಲ್ಲೇ ಕೂಡಿಸಿ ಓದಿಕೊಂಡರು. ಕಳೆದ ದೀಪಾವಳಿಗೆ ರಾಯರು ಬಂದು ಆ ಡಬ್ಬಿಯನ್ನು ‘ಸರ್ವಿಸ್’ ಮಾಡಿ ಹೋದ ಮೇಲೆ ಹನ್ನೊಂದು ದಿನ ಮನೆಯಲ್ಲಿ ನೆಟ್ಟು ಇರಲಿಲ್ಲವೆಂಬುದು ಓಣಿಗೆಲ್ಲ ಗೊತ್ತಿದ್ದ ಸಂಗತಿ.

“ಮಾಮಾ ಅಂದ್ರ ಯಾರ್ರಿ?” ಎಂದು ಕೇಳಿದರು ಫೌಜದಾರರು.

ರಾಯರು ಎದ್ದು ನಿಂತರು. ಅಂಗಿಯ ಸುಕ್ಕು ಸರಿಮಾಡಿಕೊಂಡರು. “ನಾನ್ರಿ,” ಎಂದರು. “ಮನೆತನದ ಮುಖ್ಯ ಪಾಸ್‌ವರ್ಡ್‌ನ್ಯಾಗ ನನ್ನ ಹೆಸರಿಟ್ಟಾರ.” ಮತ್ತು ಕೊನೆಯ ಗುಂಡಿಯನ್ನು ಒತ್ತಿದರು.

ನೆಟ್ಟು ಹತ್ತಿತು. ಗಂಗುಬಾಯಿ ಚಪ್ಪಾಳೆ ತಟ್ಟಿದಳು. ಗಡಿಯಾರದಲ್ಲಿ ಹನ್ನೊಂದಕ್ಕೆ ಎರಡು ನಿಮಿಷ ಇತ್ತು.

ಪರದೆಯ ಮೇಲೆ ಮೂವರು ಪರೀಕ್ಷಕರು ಮೂಡಿದರು. ಗೋಪಿಕಾಬಾಯಿಯ ಹಿಂದೆ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ ಫೌಜದಾರರನ್ನೂ, ಹವಾಲ್ದಾರನನ್ನೂ, ಹಿಟ್ಟು ಮೆತ್ತಿದ ರೇವಣ್ಣನನ್ನೂ, ಕೈಮುಗಿದ ಲಾತೂರಿನವರನ್ನೂ ಕಂಡು ಮುಖ್ಯ ಪರೀಕ್ಷಕರು ಗಾಬರಿಯಾದರು. “ಮೇಡಂ, ನೀವು ಸುರಕ್ಷಿತವಾಗಿದ್ದೀರಲ್ಲ?”

“ಇಷ್ಟು ಸುರಕ್ಷಿತ ಎಂದೂ ಇದ್ದಿದ್ದಿಲ್ರಿ ಸರ್. ಕೇಳ್ರಿ,” ಎಂದಳು ಗೋಪಿಕಾಬಾಯಿ.

ಅವರು ಕೇಳಿದರು. ಒಂದು ಗಂಟೆ ಕೇಳಿದರು. ಅವಳು ಒಂದು ಹಾಳೆಯನ್ನೂ ತಿರುವದೆ ಹೇಳಿದಳು: ಯಾವ ಹಾಡು ಯಾವ ಊರಿನದು, ಯಾವ ಕಾಳು ಬೀಸುವಾಗ ಯಾವ ಲಯ, ಮರಾಠಿ ಸೊಸೆಯ ಬಾಯಲ್ಲಿ ಕನ್ನಡ ಹಾಡು ಹೇಗೆ ಹೊರಳಿತು. ಬಾಗಿಲಲ್ಲಿ ನಿಂತವರು ಕಾಲು ಬದಲಿಸಲೂ ಇಲ್ಲ. ತುಕಾರಾಮ ವಾಕಿಟಾಕಿಯ ದನಿಯನ್ನು ಸಣ್ಣದು ಮಾಡಿಟ್ಟಿದ್ದ. ಕೊನೆಗೆ ಮುಖ್ಯ ಪರೀಕ್ಷಕರು, “ಇವನ್ನು ಹಾಡುವವರು ಈಗಲೂ ಇದ್ದಾರೆಯೆ, ಬರೀ ಕಾಗದದ ಮೇಲೋ?” ಎಂದರು.

ಗೋಪಿಕಾಬಾಯಿ ತಿರುಗಿ ನೋಡಿದಳು. “ಗಂಗು, ಬಾ ಇಲ್ಲೆ.”

ಗಂಗುಬಾಯಿ ಸೆರಗು ಹೊದ್ದು ಬಂದು, ಕ್ಯಾಮೆರಾ ಯಾವುದೆಂದು ತಿಳಿಯದೆ ಫೌಜದಾರರ ಕಡೆ ನೋಡುತ್ತ ಹಾಡಿದಳು:

ಬಿಸಿಲೇರಿ ಬಂದಾನ ನನ ಬೆನ್ನ ಹಿಂದಾವ
ಹಸನಾದ ರೊಟ್ಟಿ ಸುಡತೇನ, ನನ ತಮ್ಮ,
ಉಸಿರ ಬಿಟ್ಟುಣ್ಣೊ ನೆಳ್ಳಾಗ

ಪರೀಕ್ಷಕರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನೆಟ್ಟು ಮತ್ತೆ ಹೋಯಿತೇನೋ ಎಂದು ರಾಯರು ಗಾಬರಿಯಾಗಿ ಗೆರೆಗಳನ್ನು ಎಣಿಸಿದರು. ನಾಲ್ಕೂ ಇದ್ದವು.

“ಅಭಿನಂದನೆಗಳು, ಡಾಕ್ಟರ್ ಗೋಪಿಕಾಬಾಯಿ,” ಎಂದರು ಮುಖ್ಯ ಪರೀಕ್ಷಕರು. “ಕೊನೆಗೆ ಯಾರಿಗಾದರೂ ಕೃತಜ್ಞತೆ ಹೇಳುವುದಿದ್ದರೆ ಹೇಳಿ.”

ಗೋಪಿಕಾಬಾಯಿ ಹಾಡಿದ ಹೆಂಗಸರ ಹೆಸರುಗಳನ್ನು ಹೇಳಿದಳು, ಪೊಲೀಸರ ಹೆಸರು ಹೇಳಿದಳು. ಆಮೇಲೆ, “ನನ್ನ ತಮ್ಮ ಶ್ರೀನಿವಾಸ,” ಎಂದಳು. “ಅವ ಸೊಲ್ಲಾಪುರದಿಂದ ಬರದ ಇದ್ದಿದ್ರ ಈ ಪರೀಕ್ಷಾ ಸುಮ್ಮನ ನಾಲ್ಕು ಗ್ವಾಡಿ ನಡುವ ಮುಗದ ಹೋಗ್ತಿತ್ತು. ಅವ ಬಂದಿದ್ದಕ್ಕ ಇಡೀ ಊರು ಕೂತು ಕೇಳ್ತು.”

ರಾಯರು ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು.

ಸಂಜೆ ನಾಲ್ಕರ ಸೊಲ್ಲಾಪುರ ಬಸ್ಸಿನಲ್ಲಿ ಅವರಿಗೆ ಕಿಟಕಿಯ ಸೀಟು ಸಿಕ್ಕಿತು. ಎಡಕ್ಕೆ ಕೂತಿದ್ದ ಬೀಡಿ ಕಾರ್ಖಾನೆಯವನಿಗೆ ತಾವೀಗ ಯಾರೆಂಬುದನ್ನು ಹೇಳಿದರು, ಹಿಂದಿನ ಸೀಟಿನ ಗಂಡಹೆಂಡಿರಿಗೆ ತಿರುಗಿ ಹೇಳಿದರು, ಕಿಟಕಿಯಿಂದ ತಲೆ ಹೊರಹಾಕಿ ಶೇಂಗಾ ಮಾರುವವಳಿಗೂ ಹೇಳಿದರು. ಬಸ್ಸು ಊರು ದಾಟಿತು. ಕಂಡಕ್ಟರ್ ಮಿಷನ್ ಹಿಡಿದು ಪಕ್ಕಕ್ಕೆ ಬಂದು ನಿಂತ.

“ಕುಠೇ? ಎಲ್ಲಿಗ್ರಿ ಕಾಕಾ?”

“ಡಾಕ್ಟರ್ ಗೋಪಿಕಾಬಾಯಿಯವರ ತಮ್ಮ,” ಎಂದರು ರಾಯರು.

ಕಂಡಕ್ಟರ್ ಮಿಷನ್‌ನ ಗುಂಡಿಗಳನ್ನು ಮೇಲಿಂದ ಕೆಳಗಿನವರೆಗೆ ಹುಡುಕಿದ. ಆಮೇಲೆ ಡ್ರೈವರನ ಕಡೆ ಕೂಗಿ ಕೇಳಿದ: “ಅಹೋ, ಹಾ ಸ್ಟಾಪ್ ನವೀನ್ ಆಹೇ ಕಾ? ಈ ಸ್ಟಾಪ್ ಹೊಸಾದೇನ್ರಿ?”